ಅವರು ಯಾಕೆ ಅಳುತ್ತಿದ್ದರು

ರಿಕ್ಷಾ ನಿಂತ ಸಪ್ಪಳ, ಇಲ್ಲ, ಮುಂದೆ ಹೋಯಿತು, ಪುಣೆಯ ಖಡಕಿಯ ಈ ಓಣಿಯಲ್ಲಿ ಎಲ್ಲ ರಿಕ್ಷಾಗಳೂ ನಮ್ಮ ಮನೆ ಮುಂದೆಯೇ ಗೇರು ಬದಲಿಸುತ್ತವೆ, ಪ್ರತಿ ಸಲ ನನ್ನ ಎದೆ ಹಾರುತ್ತದೆ, ಅತ್ತೀ, ಯಾಕ ಹಂಗ ಎದ್ದೆದ್ದು ಕೂಡ್ತೀರಿ, ಬರ್ತಾಳ ತಗೋರಿ ಆಕಿ, ಎನ್ನುತ್ತಾಳೆ ಮಾಧುರಿ ಒಳಗಿನಿಂದ, ರವೆ ಹುರಿಯುವ ವಾಸನೆ, ಸೊಸೆಗೆ ಸಂಭ್ರಮ, ಇಟಲಿ ದೇಶದ ಹೆಂಗಸು ನಮ್ಮ ಮನೆಗೆ ಬರುವುದೆಂದರೇನು, ಶಿರಾ ತಿಂತಾಳೋ ಇಲ್ಲೋ — ಪಕ್ಕದ ಸಾವಿತ್ರಿಬಾಯಿ ಬೆಳಿಗ್ಗೆಯೇ ಬಂದು ಮರಾಠಿಯಲ್ಲಿ ಪಿಸುಗುಟ್ಟಿ ಹೋದಳು, ಯುದ್ಧಕ್ಕೆ ಹೋದ ಗಂಡಸರು ಕಣೇ, ನಿನ್ನ ಯಜಮಾನರು ಅಲ್ಲೊಂದು ಮಗಳನ್ನು ಬಿಟ್ಟು ಬಂದಿರಬೇಕು, ಮೂಗು ಸರಿಯಾಗಿ ನೋಡು — ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಸಾವಿತ್ರಿಬಾಯಿ, ಮಗಳಾಗಿದ್ದರೆ ಸೀರೆ ಕೊಟ್ಟು ಉಡಿ ತುಂಬಿ ಕಳಿಸುತ್ತಿದ್ದೆ, ನನ್ನ ಹೆದರಿಕೆಯೇ ಬೇರೆ, ಅವಳಿಗೆ ಗೊತ್ತಿದೆಯೋ, ಗೊತ್ತಿಲ್ಲವೋ, ಗೊತ್ತಿದ್ದರೆ ಬೈಯಲು ಬರುತ್ತಿದ್ದಾಳೆ, ಗೊತ್ತಿಲ್ಲದಿದ್ದರೆ — ಅದು ಇನ್ನೂ ಕಷ್ಟ.

ಗೋಡೆಯ ಮೇಲೆ ಫೋಟೋದಲ್ಲಿ ಅವರು, ಹಣೆಗೆ ವಿಭೂತಿ, ನಗದ ಮುಖ, ಸಿದ್ದಲಿಂಗಪ್ಪನವರೇ, ನೀವು ಹೋಗಿ ವರ್ಷವಾಯಿತು, ಇದನ್ನು ನನ್ನ ಪಾಲಿಗೆ ಬಿಟ್ಟು ಹೋದಿರಿ, ಮದುವೆಯಾದ ವರ್ಷವೇ ಬೆಳಗಾವಿಗೆ ಹೋಗಿ ಪಲ್ಟಣ ಸೇರಿದವರು, ಇಂಗ್ಲೀಷರ ಜಗಳಕ್ಕ ನೀ ಯಾಕ ಹೊಂಟೀಯೋ ತಮ್ಮಾ ಎಂದು ಅತ್ತೆ ನಾಗವ್ವ ಹೊಸ್ತಿಲಲ್ಲಿ ಅಡ್ಡ ಕೂತಿದ್ದರು, ಪಗಾರ ಬರ್ತದ ಬೇ ಎಂದು ದಾಟಿ ಹೋದರು, ಹಡಗು, ಇಟಲಿ, ಹಿಮದ ಗುಡ್ಡಗಳು, ತಿರುಗಿ ಬಂದಾಗ ಊರಲ್ಲಿ ಜೇಲಿನಿಂದ ಬಂದವರ ಕೊರಳಿಗೆ ಹಾರ, ಇವರನ್ನು ಯಾರೂ ಕೇಳಲಿಲ್ಲ, ಇಂಗ್ಲೀಷರ ಆಳು ಬಂದಾನ ನೋಡ್ರಿ ಎಂದು ಕಟ್ಟೆಯ ಮೇಲೆ ಯಾರೋ ನಕ್ಕರು, ಅದಕ್ಕೇ ಅಲ್ಲವೇ ಪುಣೆಗೆ ಬಂದದ್ದು, ಇಲ್ಲಿಯ ಕಾರಖಾನೆ, ಇಲ್ಲಿಯ ಮನೆ, ಅಮರ ಹುಟ್ಟಿದ್ದು — ಮತ್ತೆ ಅವರ ಆ ವಿಚಿತ್ರ ಚಾಳಿ, ಯಾರ ಬಾಗಿಲೇ ಆಗಲಿ, ತಟ್ಟುತ್ತಿರಲಿಲ್ಲ, ದೂರ ನಿಂತು ಕೂಗುತ್ತಿದ್ದರು, ನಾನ್ರೀ, ಸಿದ್ದಲಿಂಗಪ್ಪ ಅದೀನ್ರೀ, ಎಂದು, ತಮ್ಮ ಮನೆಗೂ ಹಾಗೆಯೇ, ಓಣಿಯ ಮಕ್ಕಳು ಅಣಕಿಸುತ್ತಿದ್ದವು, ನಾನೂ ನಕ್ಕಿದ್ದೇನೆ, ಆಸ್ಪತ್ರೆಯಲ್ಲಿ ಕೊನೆಗೆ ನನ್ನ ಕೈ ಹಿಡಿದು ಹೇಳುವ ತನಕ ನಗುತ್ತಲೇ ಇದ್ದೆ, ಚನ್ನೀ, ಜರ್ಮನ್ರು ಅಡಗ್ಯಾರಂತ ಮನಿ ಮನಿ ಹುಡುಕ್ಕೋತ ಹೊಂಟಿದ್ವಿ, ಒಂದು ಬಾಗಲದ ಹಿಂದ ಸಪ್ಪಳಾತು, ಯಾರು ಅಂತ ಒದರಿದೆ, ನನ್ನ ಮಾತು ಅವರಿಗೇನು ತಿಳೀಬೇಕು, ಅಂಜಿಕಿ ಬಂತು, ಬಾಗಲಾ ತೂತು ಬೀಳೂಹಂಗ ಗುಂಡು ಹಾಕಿದೆ, ಒಳಗ ಹೆಣ್ಮಗಳು ಬಿದ್ದಿದ್ಲು, ಬಾಜೂಕ ಒಂದು ಕೂಸು, ಮಮ್ಮಾ ಮಮ್ಮಾ ಅಂತ ಎಬ್ಬಸ್ತಿತ್ತು, ಹೊತಗೊಂಡು ಗುಡ್ಡಾ ಇಳಿದೆ, ಕೂಸು ನನ್ನ ಕೊರಳಿಗೇ ಜೋತುಬಿದ್ದಿತ್ತು ಚನ್ನೀ, ನನ್ನ ಕೊರಳಿಗೇ.

ರಿಕ್ಷಾ ನಿಂತಿತು, ಈ ಸಲ ನಿಜವಾಗಿಯೂ, ಅಮರ ಇಳಿದ, ಅವಳು ಇಳಿದಳು, ಆ ಕೂಸು, ಈಗ ಕುತ್ತಿಗೆಯವರೆಗೆ ಕತ್ತರಿಸಿದ ಬಿಳಿ ಕೂದಲು, ಮೊಣಕಾಲು ನೋವೇನೋ, ಮೆಟ್ಟಿಲಿಗೆ ಗೋಡೆ ಹಿಡಿದು ಬರುತ್ತಾಳೆ, ರೊಸೆತ್ತಾ ಅಂತ ಅವ್ವಾ ಇವರ ಹೆಸರು, ನಮ್ಮಪ್ಪ ಇವರನ್ನ ಮಠದಾಗ ಬಿಟ್ಟಾಗ ಅಲ್ಲಿಯ ಸನ್ಯಾಸಿನಿಯರು ಅಪ್ಪನ ಹೆಸರು ಕೇಳಿಟ್ಟಿದ್ರಂತ, ಬೆಳಗಾವಿ ಪಲ್ಟಣದಾಗ ವಿಚಾರಿಸಿ ಬಂದಾರ — ಅವಳು ಫೋಟೋದ ಮುಂದೆ ನಿಂತುಬಿಟ್ಟಿದ್ದಾಳೆ, ಸಿದ್ದಲಿಂಗಪ್ಪ, ಎನ್ನುತ್ತಾಳೆ, ಒಂದಕ್ಷರ ತಪ್ಪಿಲ್ಲ, ಇಷ್ಟು ವರ್ಷ ಹೇಳಿ ಹೇಳಿ ರೂಢಿಯಾದ ಬಾಯಿ, ಗೊತ್ತಿಲ್ಲ ಇವಳಿಗೆ, ಏನೂ ಗೊತ್ತಿಲ್ಲ, ಪಕ್ಕದಲ್ಲಿ ಕೂತು ಇಂಗ್ಲೀಷಿನಲ್ಲಿ ತಡವರಿಸುತ್ತಾಳೆ, ಅಮರ ನನಗೆ ಹೇಳುತ್ತಾನೆ, ಇವರ ತಾಯೀನ್ನ ಜರ್ಮನ್ರು ಗುಂಡು ಹಾಕಿ ಕೊಂದ್ರಂತ ಅವ್ವಾ, ಅಪ್ಪ ಇವರನ್ನ ಹೊತ್ತು ಉಳಿಸಿದ್ರಂತ, ಪ್ರತಿ ವರ್ಷಾ ಗುಡಿಯೊಳಗ ಎರಡು ಮೇಣಬತ್ತಿ ಹಚ್ಚತಾರಂತ, ಒಂದು ತಾಯಿ ಹೆಸರೀಲೆ, ಒಂದು ಅಪ್ಪನ ಹೆಸರೀಲೆ, ಅವನ ಧ್ವನಿಯಲ್ಲಿ ಹೆಮ್ಮೆ, ಮಾಧುರಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ — ಅಕ್ಕಪಕ್ಕದಲ್ಲಿ ಎರಡು ಬತ್ತಿ, ಶಿವಾ, ಕೊಂದವನದೂ ಸತ್ತವಳದೂ — ಒಂದು ಮಾತು ಕೇಳ್ತಾರವ್ವಾ, ಗುಡ್ಡಾ ಇಳಿಯೂತನಾ ಅಪ್ಪ ಅಳತಿದ್ರಂತ, ಯಾಕ ಅಳತಿದ್ರು, ಮನಿಯೊಳಗ ಏನರ ಹೇಳಿದ್ರೇನು ಅಂತ.

ನೆನಪಿಲ್ಲ ಎಂದರೆ ಮುಗಿಯಿತು, ಶಿರಾ ತಿಂದು ಸುಖವಾಗಿ ಹೋಗುತ್ತಾಳೆ, ಗೋಡೆಯ ಮೇಲಿನವರ ಮಾನವೂ ಉಳಿಯುತ್ತದೆ, ಆದರೆ ಬರುವ ವರ್ಷ ಮತ್ತೆ ಎರಡು ಬತ್ತಿ, ನಾನು ಇಲ್ಲಿ ಕೂತು ಅದನ್ನು ನೆನೆಯುತ್ತಿರಬೇಕು — ಹೇಳು ಅಮರಾ, ಜರ್ಮನ್ರಲ್ಲ, ನಿಮ್ಮಪ್ಪನ ಗುಂಡು ಅದು, ಬಾಗಲದ ಹಿಂದ ಯಾರದಾರ ಅಂತ ತಿಳೀದ ಹಾಕಿದ್ರು, ಸಾಯೂ ಮುಂದ ನನಗ ಹೇಳಿ ಸತ್ರು, ಅದಕ್ಕ ಅಳತಿದ್ರು ಅಂತ ಹೇಳು — ಅವ್ವಾ, ಏನಂತೀ ನೀ, ಎಂದ ಅಮರ, ಹೇಳು ಅಂದೆ, ಅವನು ಅವಳ ಕಡೆ ತಿರುಗಿದ, ಎರಡೇ ಮಾತು ಆಡಿದ, ಇಷ್ಟು ಉದ್ದದ್ದು ಎರಡು ಮಾತಿನಲ್ಲಿ ಹೇಗೆ ಹಿಡಿಸಿತು, ಅವಳು ನಕ್ಕಳು, ಕಣ್ತುಂಬ ನೀರು, ನನ್ನ ಎರಡೂ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು, ಸುಳ್ಳು ಹೇಳಿದ ನನ್ನ ಮಗ, ನನಗೆ ಅವಳ ಭಾಷೆ ಬರುವುದಿಲ್ಲ, ಒಂದೇ ಶಬ್ದ ಬರುತ್ತದೆ, ಮಮ್ಮಾ, ಎಂದೆ, ಅವಳು ತಲೆಯೆತ್ತಿದಳು, ಮಮ್ಮಾ, ಎಂದು ಒಂದು ಕೈ ಬಿಡಿಸಿಕೊಂಡು ಫೋಟೋದ ಕಡೆ ತೋರಿಸಿದೆ, ಸಿದ್ದಲಿಂಗಪ್ಪ, ಎಂದೆ, ಬೆರಳನ್ನು ಬಂದೂಕಿನ ಹಾಗೆ ಚಾಚಿ ಮಡಚಿದೆ, ಅಮರ ಅವ್ವಾ ಎಂದು ಚೀರಿದ, ನಗು ಅವಳ ಮುಖದಲ್ಲಿ ಇನ್ನೂ ಇದೆ, ಕಣ್ಣಲ್ಲಿಲ್ಲ, ನನ್ನ ಇನ್ನೊಂದು ಕೈ ಅವಳ ಕೈಯೊಳಗೇ ಇದೆ, ಅವಳು ಹಿಡಿದಿಲ್ಲ, ಬಿಟ್ಟಿಲ್ಲ, ಆ ಕೈ, ತಣ್ಣಗಾಗುತ್ತಿರುವ ಆ ಕೈ, ಹಿಡಿದಿಲ್ಲ, ಬಿಟ್ಟೂ ಇಲ್ಲ