ಪ್ರೋಟೀನಿಲ್ಲದ ಸೀಸೆ

ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮೈಬ್ರಿಟ್ ಮಾಡಿದ್ದು ಒಂದೇ ಕೆಲಸ. ಮನುಷ್ಯನ ಜೀನನ್ನು ಹೊತ್ತ ಬ್ಯಾಕ್ಟೀರಿಯಗಳನ್ನು ದೊಡ್ಡ ಗಾಜಿನ ಪಾತ್ರೆಗಳಲ್ಲಿ ಬೆಳೆಸುವುದು, ಅವುಗಳ ಹೊಟ್ಟೆಯಿಂದ ಬೇಕಾದ ಪ್ರೋಟೀನನ್ನು ಸೋಸಿ ತೆಗೆಯುವುದು, ಪುಟ್ಟ ಸೀಸೆಗಳಿಗೆ ತುಂಬಿ ಫ್ರೀಜರಿಗೆ ಸೇರಿಸುವುದು. ಈಗ ಆರು ವರ್ಷದಿಂದ ಅವಳ ಪಾಲಿಗೆ ಬಂದಿದ್ದುದು ಮೈಟೊಕಾಂಡ್ರಿಯದ ಒಂದು ಪ್ರೋಟೀನು. ಮಹಾ ಮುಂಗೋಪಿ. ಸ್ವಲ್ಪ ಬೆಚ್ಚಗಾದರೂ ಹಾಲಿನ ಹಾಗೆ ಒಡೆದುಹೋಗುತ್ತದೆ. ಇದನ್ನು ಮೈಬ್ರಿಟ್‌ಳಷ್ಟು ಚೊಕ್ಕಟವಾಗಿ ತೆಗೆಯುವವರು ಉತ್ತರ ಸ್ವೀಡನ್ನಿನಲ್ಲೇ ಇಲ್ಲ ಎಂದು ಪ್ರೊಫೆಸರ್ ಫೋಲ್ಕೆ ಬಂದವರೆದುರು ಹೊಗಳುತ್ತಿದ್ದ. ಲೇಖನ ಬರೆಯುವಾಗ ಮಾತ್ರ ಕೊನೆಯಲ್ಲಿ ಒಂದು ಸಾಲು ಕೃತಜ್ಞತೆ ಹೇಳಿ ಕೈತೊಳೆದುಕೊಳ್ಳುತ್ತಿದ್ದ.

ಟೂವಾ ಹಾಗಲ್ಲ. ಅವನ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದ ಈ ಹುಡುಗಿ, ತನ್ನ ಮಹಾಪ್ರಬಂಧದ ನಾಲ್ಕನೆಯ ಲೇಖನಕ್ಕೆ ಮೈಬ್ರಿಟ್‌ಳ ಹೆಸರನ್ನೂ ಲೇಖಕರ ಸಾಲಿನಲ್ಲಿ ಸೇರಿಸಿದಳು. ಮೈಬ್ರಿಟ್ ಅಂದು ಮನೆಗೆ ಹೋಗಿ ಆ ಪುಟವನ್ನು ಗಂಡನಿಗೆ ಎರಡು ಸಲ ಓದಿ ಹೇಳಿದಳು. ಅವನಿಗೆ ಅರ್ಥವಾದದ್ದು ಅವಳ ಹೆಸರೊಂದೇ. ಅವಳಿಗೆ ಅಷ್ಟು ಸಾಕಿತ್ತು.

ಲೇಖನದ ಹುರುಳು ಇಷ್ಟು: ಸಾಯುತ್ತಿರುವ ಸ್ನಾಯುಕೋಶಗಳಿಗೆ ಈ ಪ್ರೋಟೀನು ಹಾಕಿದರೆ ಅವು ಬದುಕುತ್ತವೆ. ಹೋಲಿಸಿ ನೋಡಲೆಂದು ಪ್ರೋಟೀನಿಲ್ಲದ ಬರೀ ದ್ರವವನ್ನು ಇನ್ನೊಂದು ತಟ್ಟೆಯ ಕೋಶಗಳಿಗೆ ಹಾಕಿದ್ದರು. ಅವು ಸತ್ತಿದ್ದವು.

ಎಡವಟ್ಟಾಗಿದ್ದು ಆ ಬರೀ ದ್ರವದಲ್ಲಿ. ಪ್ರೋಟೀನು ಕೆಡದಿರಲೆಂದು ಸೀಸೆಗೆ ಕೊಳೆತ ಮೊಟ್ಟೆಯಂತೆ ನಾರುವ ಒಂದು ರಾಸಾಯನಿಕ ಹಾಕುತ್ತಾರೆ. ಬರೀ ದ್ರವ ತುಂಬುವಾಗ ಮೈಬ್ರಿಟ್ ಅದನ್ನು ಬಿಟ್ಟಿದ್ದಳು. ಕೆಡಲಿಕ್ಕೆ ಪ್ರೋಟೀನೇ ಇಲ್ಲದ ಮೇಲೆ ಆ ನಾತವನ್ನು ಯಾಕೆ ದಂಡ ಮಾಡಬೇಕು? ಮನೆಯಲ್ಲೂ ಅವಳು ಹಾಗೆಯೇ, ಒಂದು ಚಿಟಿಕೆ ಉಪ್ಪು ದಂಡ ಮಾಡಿದವಳಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ಫ್ರೀಜರ್ ಚೊಕ್ಕ ಮಾಡುವಾಗ ಅಂಥದೊಂದು ಹಳೆಯ ಸೀಸೆ ಸಿಕ್ಕಿತು. ಕರಗಿಸಿ ಮೂಸಿದಳು. ನಾತವೇ ಇರಲಿಲ್ಲ. ಹಾಗಾದರೆ ಕೋಶಗಳನ್ನು ಉಳಿಸಿದ್ದು ಪ್ರೋಟೀನೋ, ಅದರ ಜೊತೆಗಿದ್ದ ಆ ನಾತವೋ? ಯಾರಿಗೂ ಹೇಳದೆ, ಪ್ರೋಟೀನು ಬಿಟ್ಟು ಆ ರಾಸಾಯನಿಕ ಮಾತ್ರ ಬೆರೆಸಿದ ದ್ರವವನ್ನು ಅಂಥವೇ ಸಾಯುತ್ತಿರುವ ಹೊಸ ಕೋಶಗಳಿಗೆ ಹಾಕಿದಳು. ಬುಧವಾರ ಬೆಳಿಗ್ಗೆ ನೋಡಿದರೆ ಕೋಶಗಳೆಲ್ಲ ಗುಂಡುಕಲ್ಲಿನ ಹಾಗಿದ್ದವು. ಪ್ರೋಟೀನು ಹಾಕಿದಾಗ ಎಷ್ಟು ಬದುಕಿದ್ದವೋ ಇಲ್ಲೂ ಅಷ್ಟೇ. ಆರು ವರ್ಷ ಮುದ್ದು ಮಾಡಿ ತೆಗೆದ ಪ್ರೋಟೀನು ಏನೂ ಮಾಡಿರಲಿಲ್ಲ.

ಶುಕ್ರವಾರ ಟೂವಾ ಮೊಳೆ ಹೊಡೆಯುವ ದಿನ. ಅಲ್ಲಿಯ ಪದ್ಧತಿಯಂತೆ ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು, ಅಚ್ಚಾದ ಮಹಾಪ್ರಬಂಧಕ್ಕೆ ತೂತು ಕೊರೆದು ವಿಶ್ವವಿದ್ಯಾಲಯದ ಹಲಗೆಗೆ ಸುತ್ತಿಗೆಯಿಂದ ಜಡಿಯಬೇಕು, ಯಾರು ಬೇಕಾದರೂ ಓದಿ ತಪ್ಪು ಹಿಡಿಯಲಿ ಎಂದು. ಹೇಳಿದರೆ ಟೂವಾಳ ನಾಲ್ಕನೆಯ ಲೇಖನ ಮಣ್ಣುಪಾಲು, ಜೊತೆಗೆ ಮೈಬ್ರಿಟ್‌ಳ ಹೆಸರು ಅಚ್ಚಾದ ಒಂದೇ ಒಂದು ಲೇಖನವೂ. ಬುಧವಾರ ಅವಳು ಹೇಳಲಿಲ್ಲ. ಗುರುವಾರ ಬೇಕರಿಗೆ ಹೋಗಿ ಟೂವಾಳ ಸಂಭ್ರಮಕ್ಕೆಂದು ಹಸಿರು ಕೇಕು ಮಾಡಿಡಲು ತಿಳಿಸಿ ಬಂದಳು, ಆಗಲೂ ಹೇಳಲಿಲ್ಲ.

ಶುಕ್ರವಾರ ಹತ್ತಕ್ಕೆ ಕಾಲು ಗಂಟೆ ಇರುವಾಗ, ಹಲಗೆಯ ಮುಂದೆ ಇಪ್ಪತ್ತು ಜನ ನೆರೆದಿರುವಾಗ, ಟೂವಾಳನ್ನು ಕೋಟು ತೂಗುಹಾಕುವ ಮೂಲೆಗೆ ಎಳೆದೊಯ್ದಳು.

"ಏನಿದು, ನನಗಿಂತ ನೀನೇ ಜಾಸ್ತಿ ನಡುಗ್ತಿದ್ದೀಯಲ್ಲ!" ಟೂವಾ ನಕ್ಕಳು.

ಮೈಬ್ರಿಟ್ ಸುತ್ತಿಬಳಸದೆ ಹೇಳಿ ಮುಗಿಸಿದಳು. ಟೂವಾ ನಗು ನಿಲ್ಲಿಸಿ ಕೇಳಿದಳು:

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಖಾತ್ರಿಯಾಗಿ ಎರಡು ದಿನ."

"ನಿನ್ನೆ ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿದ್ಯಲ್ಲ."

"ಕುಡಿದೆ."

ಹುಡುಕಿಕೊಂಡು ಬಂದ ಫೋಲ್ಕೆಯ ಕಿವಿಗೂ ವಿಷಯ ಬಿತ್ತು. "ಮೊದಲು ಹೋಗಿ ಮೊಳೆ ಹೊಡಿ. ಮಿಕ್ಕ ಮೂರು ಲೇಖನ ಗಟ್ಟಿಯಾಗಿವೆ. ಇದನ್ನ ಆಮೇಲೆ ನೋಡ್ಕೊಂಡ್ರಾಯ್ತು, ಈಗ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ, ಫೋಲ್ಕೆ," ಎಂದಳು ಟೂವಾ.

ಚೀಲದಲ್ಲಿದ್ದ ಪುಸ್ತಕದಿಂದ ಒಂದು ಹಾಳೆ ಹರಿದು ಮೈಬ್ರಿಟ್‌ಳ ಕೈಗೆ ಕೊಟ್ಟಳು. "ಬರಿ."

ಮೈಬ್ರಿಟ್ ಗೋಡೆಗೆ ಒತ್ತಿಟ್ಟು ಬರೆದಳು: ನಾಲ್ಕನೆಯ ಲೇಖನದ ತೀರ್ಮಾನ ತಪ್ಪು. ಹೋಲಿಕೆಯ ದ್ರವಕ್ಕೆ ರಾಸಾಯನಿಕ ಹಾಕಿರಲಿಲ್ಲ. ಕೋಶಗಳನ್ನು ಉಳಿಸಿದ್ದು ಅದು, ಪ್ರೋಟೀನಲ್ಲ. ಒಂದು ಗಳಿಗೆ ತಡೆದು, ದ್ರವ ತಯಾರಿಸಿದವಳು ಮೈಬ್ರಿಟ್ ಓಸ್ಟ್‌ಮನ್ ಎಂದು ಸೇರಿಸಿದಳು.

"ಹೆಸರು ಬೇಕಾಗಿರಲಿಲ್ಲ," ಎಂದ ಫೋಲ್ಕೆ.

"ಲೇಖನದ ಮೇಲೆ ಬೇಕು ಅಂತ ಆಸೆಪಟ್ಟೆ. ಇಲ್ಲೂ ಇರಲಿ."

ಟೂವಾ ಮೂರೇ ಏಟಿಗೆ ಮಹಾಪ್ರಬಂಧವನ್ನು ಜಡಿದಳು. ಚಪ್ಪಾಳೆ ಬಿತ್ತು. ಆಮೇಲೆ ಸುತ್ತಿಗೆಯನ್ನೂ ಇನ್ನೊಂದು ಮೊಳೆಯನ್ನೂ, ಮುಖ ನೋಡದೆ, ಮೈಬ್ರಿಟ್‌ಳತ್ತ ಚಾಚಿದಳು. "ಇದು ನಿಂದು. ನೀನೇ ಹೊಡಿ."

ಮೂವತ್ತೊಂದು ವರ್ಷದಲ್ಲಿ ಆ ಸುತ್ತಿಗೆಯನ್ನು ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ಮೊದಲ ಏಟಿಗೆ ಮೊಳೆ ಸೊಟ್ಟಗಾಯಿತು. ಬೆರಳಿನಿಂದ ನೆಟ್ಟಗೆ ಮಾಡಿ ಮತ್ತೆ ಹೊಡೆದಳು. ಹಾಳೆ ಹಲಗೆಗೆ ಕಚ್ಚಿಕೊಂಡಿತು. ಜನ ರೂಢಿಯಂತೆ ಚಪ್ಪಾಳೆ ತಟ್ಟಿದರು, ಆಮೇಲೆ ಅದರಲ್ಲಿ ಏನಿದೆ ಎಂದು ಓದಲು ಹತ್ತಿರ ಬಂದರು.