ರಬ್ಬರ್ ಜೇನಿನ ತಕರಾರು

ತಿಮ್ಮಕ್ಕನ ಜೇನು ಕಲಬೆರಕೆ ಎಂದು ಯಂತ್ರ ಹೇಳಿದ್ದು ಮಾರ್ಚ್ ತಿಂಗಳ ಒಂದು ಸೋಮವಾರ, ಐವರ್ನಾಡಿನ ಜೇನು ಸಂಘದ ಕೋಣೆಯಲ್ಲಿ, ಸಂಘದ ಅಷ್ಟೂ ಜನರ ಎದುರು. ಊಟದ ಬುತ್ತಿಯಷ್ಟು ದೊಡ್ಡದಿದ್ದ ಆ ಯಂತ್ರದ ಗಾಜಿನ ಮೇಲೆ ರೂಪೇಶ್ ಒಂದು ಹನಿ ಬಿಟ್ಟ. ಒಳಗೆ ನೀಲಿ ಬೆಳಕು ಓಡಾಡಿತು. ಆಮೇಲೆ ಕೆಂಪು ದೀಪ ಹತ್ತಿತು. ಅವನ ಮೊಬೈಲಿನಲ್ಲಿ ಅಕ್ಷರ ಮೂಡಿತು: ತಿಮ್ಮಕ್ಕ, ಐವರ್ನಾಡು, ಸಕ್ಕರೆ ಬೆರೆಸಿದ ಜೇನು.

"ಇನ್ನೊಮ್ಮೆ ಹಾಕಿ," ಎಂದಳು ತಿಮ್ಮಕ್ಕ.

ಇನ್ನೊಮ್ಮೆಯೂ ಕೆಂಪು.

ತಿಮ್ಮಕ್ಕನಿಗೆ ಐವತ್ತೆಂಟು ವಯಸ್ಸು. ಜೇನು ಸಾಕಲು ಹೊರಟು ಇಪ್ಪತ್ತಾರು ವರ್ಷವಾಗಿತ್ತು. ಅವಳ ಮೂವತ್ತು ಪೆಟ್ಟಿಗೆಗಳೂ ಆಸುಪಾಸಿನ ರಬ್ಬರ್ ತೋಟಗಳಲ್ಲಿದ್ದವು. ಅವಳ ಬಾಟಲಿಯನ್ನು ಸುಳ್ಯದಲ್ಲಿ ಯಾರೂ ಮುಚ್ಚಳ ತೆಗೆದು ಪರೀಕ್ಷೆ ಮಾಡಿ ತೆಗೆದುಕೊಂಡದ್ದಿಲ್ಲ. ಈಗ ಕೋಣೆಯಲ್ಲಿದ್ದವರು ಅವಳ ಮುಖ ನೋಡಲಾರದೆ ನೆಲ ನೋಡಿದರು.

ರೂಪೇಶ್ ಪುತ್ತೂರಿನಲ್ಲಿ ಕಚೇರಿ ತೆರೆದ ಮಧುಮುದ್ರೆ ಎಂಬ ಕಂಪೆನಿಯ ಹುಡುಗ. ಎರಡು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಅವನು ಅರ್ಧ ದಿನದ ತರಬೇತಿ ಕೊಟ್ಟಿದ್ದ. ಕೃತಕ ಬುದ್ಧಿಮತ್ತೆ ಎಂದರೆ ಎಂತ, ಬ್ಲಾಕ್‌ಚೈನ್ ಎಂದರೆ ಎಂತ ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದ್ದ. ಯಂತ್ರಕ್ಕೆ ಸಾವಿರಾರು ಜೇನಿನ ಹನಿ ತೋರಿಸಿ, ಇದು ಒಳ್ಳೆಯದು, ಇದು ಬೆರಕೆ ಎಂದು ಹೇಳುತ್ತಾ ಹೋದರೆ ಅದು ನೋಡಿ ನೋಡಿ ತಾನೇ ಗುರುತು ಹಿಡಿಯಲು ಕಲಿಯುತ್ತದೆ. ಬ್ಲಾಕ್‌ಚೈನ್ ಎಂದರೆ ಒಂದು ದಾಖಲೆ ಪುಸ್ತಕ. ಅದರ ಒಂದೊಂದು ಪುಟವೂ ಹಿಂದಿನ ಪುಟಕ್ಕೆ ಹೊಲಿದುಕೊಂಡಿರುತ್ತದೆ, ಅದರ ನಕಲು ಹತ್ತಾರು ಕಡೆ ಇರುತ್ತದೆ. ಒಮ್ಮೆ ಬರೆದದ್ದನ್ನು ಯಾರೂ ಕದ್ದು ಅಳಿಸುವ ಹಾಗಿಲ್ಲ. "ಇದು ನಿಮ್ಮೆಲ್ಲರ ಪುಸ್ತಕ," ಎಂದಿದ್ದ. ಬಾಟಲಿಯ ಮೇಲಿನ ಕ್ಯೂಆರ್ ಚೌಕಕ್ಕೆ ಮೊಬೈಲ್ ಹಿಡಿದರೆ ಸಾಕು, ಬೆಂಗಳೂರಿನಲ್ಲಿ ಕೂತವರಿಗೂ ಜೇನು ಯಾರದ್ದು, ಎಂಥದ್ದು ಎಂದು ಗೊತ್ತಾಗುತ್ತದೆ. ಅಂದು ಎದುರಿನ ಬೆಂಚಿನಲ್ಲಿ ಕೂತು ಅಷ್ಟನ್ನೂ ಕೇಳಿಸಿಕೊಂಡು, ಒಳ್ಳೆಯದಾಯಿತು ಎಂದವಳು ತಿಮ್ಮಕ್ಕನೇ.

ಈ ಸೋಮವಾರ ಹತ್ತು ಮಂದಿಯ ಜೇನು ಯಂತ್ರಕ್ಕೆ ಬಿತ್ತು. ಸಂಪಾಜೆ ಕಡೆ ಕಾಡಂಚಿನಲ್ಲಿ ಪೆಟ್ಟಿಗೆ ಇಟ್ಟ ಮೂವರಿಗೆ ಹಸಿರು ದೀಪ. ರಬ್ಬರ್ ತೋಟಗಳಲ್ಲಿ ಪೆಟ್ಟಿಗೆ ಇಟ್ಟ ಉಳಿದ ಏಳು ಮಂದಿಗೂ ಕೆಂಪು. ಅಷ್ಟೂ ಆಗಲೇ ಆ ಪುಸ್ತಕಕ್ಕೆ ಏರಿತು.

ರೂಪೇಶ್ ಕಾಗದ ಹಂಚಿದ. ತಿಳಿಯದೆ ಸಕ್ಕರೆ ಸೇರಿದೆ, ಮುಂದೆ ಹಾಗಾಗದು ಎಂದು ಅದರಲ್ಲಿ ಅಚ್ಚಾಗಿತ್ತು. ಸಹಿ ಹಾಕಿದರೆ ಮುಂದಿನ ತಿಂಗಳು ಮತ್ತೆ ಅವಕಾಶ ಉಂಟು, ಇಲ್ಲದಿದ್ದರೆ ಹೆಸರು ಕಂಪೆನಿಯ ಪಟ್ಟಿಯಿಂದ ಹೊರಗೆ. ಆರು ಮಂದಿ ಹಾಕಿದರು. ನೆಲ್ಯಾಡಿಯಿಂದ ಬಂದಿದ್ದ ಬ್ಯಾರಿ ಆದಂ ಕುಂಞಿಯೂ ಹಾಕಿ ಪೆನ್ನನ್ನು ತಿಮ್ಮಕ್ಕನ ಕಡೆ ಚಾಚಿದ.

"ಬ್ಯಾರಿಗಳೇ, ನೀವು ಸಕ್ಕರೆ ಬೆರೆಸಿದ್ದೀರಾ?"

"ಇಲ್ಲ ತಿಮ್ಮಕ್ಕ."

"ಮತ್ತೆ ಸಹಿ ಯಾಕೆ ಹಾಕಿದ್ದು?"

ಆದಂ ಕುಂಞಿ ಪೆನ್ನನ್ನು ಬೆಂಚಿನ ಮೇಲಿಟ್ಟ. ತಿಮ್ಮಕ್ಕ ಪೆನ್ನು ಮುಟ್ಟಲಿಲ್ಲ. ರೂಪೇಶನ ಕಡೆ ತಿರುಗಿ ಕೇಳಿದಳು: "ನಿಮ್ಮ ಯಂತ್ರಕ್ಕೆ ಯಾವ ಯಾವ ಜೇನು ತೋರಿಸಿ ಕಲಿಸಿದ್ದು ಮಾರಾಯ್ರೆ?"

ಅವನು ಮೊಬೈಲ್ ತಡವಿ ಓದಿದ. ಸಾಸಿವೆ, ಲಿಚಿ, ನೇರಳೆ, ಕಾಡುಜೇನು. ನಾಲ್ಕು ಸಾವಿರ ಮಾದರಿ.

"ರಬ್ಬರ್?"

ಅವನು ಮೇಲೆ ಕೆಳಗೆ ಎರಡೆರಡು ಬಾರಿ ಹುಡುಕಿದ. "ರಬ್ಬರ್ ಇಲ್ಲ," ಎಂದ. ತಕ್ಷಣ ಸಾವರಿಸಿಕೊಂಡ. "ಆದರೆ ನೀವು ಮಳೆಗಾಲದಲ್ಲಿ ಹುಳಗಳಿಗೆ ಸಕ್ಕರೆ ಪಾಕ ಕೊಡುದಿಲ್ವಾ?"

"ಕೊಡ್ತೇನೆ. ಆಟಿ ತಿಂಗಳಲ್ಲಿ ಕೊಡದಿದ್ರೆ ಸತ್ತು ಹೋಗ್ತವೆ. ಅದು ಅವುಗಳ ಗಂಜಿ. ಅದನ್ನು ಆಗಲೇ ತಿಂದು ಮುಗಿಸಿಯಾಗಿದೆ."

"ಸ್ವಲ್ಪ ಉಳಿದಿರಬಹುದಲ್ಲ?"

ತಿಮ್ಮಕ್ಕನಿಗೆ ಕಿವಿ ಬಿಸಿಯಾಯಿತು. ಸಿಟ್ಟಿಗಿಂತ ಹೆಚ್ಚಾಗಿ ಇಪ್ಪತ್ತಾರು ವರ್ಷ ಒಂದೇ ಏಟಿಗೆ ಕೆಳಗೆ ಬಿದ್ದ ಹಾಗಿತ್ತು. ಆದರೂ ಅವನು ಕೇಳಿದ್ದು ನ್ಯಾಯದ ಪ್ರಶ್ನೆ ಎಂದೂ ಅನಿಸಿತು. ಉತ್ತರ ಅವಳ ಹತ್ತಿರ ಇತ್ತು. "ಯಂತ್ರ ಹಿಡ್ಕೊಂಡು ಬನ್ನಿ," ಎಂದು ಎದ್ದಳು.

ರಬ್ಬರ್ ತೋಟದಲ್ಲಿ ಹಳೆ ಎಲೆ ಉದುರಿ ಹೊಸ ಚಿಗುರು ಬಂದಿತ್ತು. ಕೈಗೆಟುಕಿದ ಒಂದು ಗೆಲ್ಲನ್ನು ಅವಳು ಬಗ್ಗಿಸಿದಳು. ಮೂರು ಎಲೆ ಸೇರುವ ತೊಟ್ಟಿನ ತುದಿಯಲ್ಲಿ ಸಾಸಿವೆಕಾಳಿನಷ್ಟು ಹನಿ ಮಿನುಗುತ್ತಿತ್ತು. "ನಾಲಿಗೆಗೆ ಹಚ್ಚಿ ನೋಡಿ." ರೂಪೇಶ್ ಹಚ್ಚಿದ. ಸಿಹಿ. "ಇದು ಹೂವಿನದ್ದಲ್ಲ, ಎಲೆಯದ್ದು. ನಿಮ್ಮ ಪಟ್ಟಿಯಲ್ಲಿ ಇರುದು ಎಲ್ಲ ಹೂವಿನ ಜೇನು. ಇದು ತೆಳು, ಬೇಗ ಹರಳುಗಟ್ಟುತ್ತದೆ. ಗೊತ್ತಿಲ್ಲದವರಿಗೆ ಸಕ್ಕರೆ ಅಂತಲೇ ಕಾಣುದು."

ತೋಟದ ಕೊನೆಯಲ್ಲಿ ಹೊಸ ಮರದ ವಾಸನೆ ಆರದ ಒಂದು ಪೆಟ್ಟಿಗೆ. ಅದರೊಳಗಿನ ಜೇನುಹುಳಗಳ ಕುಟುಂಬವನ್ನು ಜನವರಿ ಕೊನೆಯಲ್ಲಿ ಹಳೆಯ ಮರದ ಪೊಟರೆಯಿಂದ ಅವಳೇ ಹಿಡಿದು ತಂದಿದ್ದಳು, ಆದಂ ಕುಂಞಿ ಏಣಿ ಹಿಡಿದಿದ್ದ. ಆ ಹುಳಗಳು ಸಕ್ಕರೆ ಪಾಕದ ಮುಖವನ್ನೇ ಕಂಡಿರಲಿಲ್ಲ. ತಿಮ್ಮಕ್ಕ ಬರಿಗೈಯಲ್ಲಿ ಮುಚ್ಚಳ ಎತ್ತಿ, ಜೇನು ತುಂಬಿ ಮೇಣ ಮುಚ್ಚಿದ ಎರಿಯೊಂದರ ತುಂಡು ಕೊಯ್ದು, ಯಂತ್ರದ ಗಾಜಿನ ಮೇಲೆ ನೇರ ಹಿಂಡಿದಳು.

ಕೆಂಪು.

"ಈಗ ಹೇಳಿ, ಈ ಹುಳಗಳು ಯಾವ ಅಂಗಡಿಯಿಂದ ಸಕ್ಕರೆ ತಂದದ್ದು?"

ರೂಪೇಶ್ ಯಂತ್ರ ಕೆಳಗಿಟ್ಟು ಮರಗಳ ಆಚೆ ಹೋದ. ಅಲ್ಲಿಂದ ಪುತ್ತೂರಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದ. ವಾಪಸ್ ಬಂದಾಗ ಮುಖ ಸಣ್ಣದಾಗಿತ್ತು. "ಮುಂದಿನ ವರ್ಷ ಯಂತ್ರಕ್ಕೆ ರಬ್ಬರ್ ಜೇನು ಕಲಿಸ್ತಾರಂತೆ. ಸದ್ಯಕ್ಕೆ ಸಹಿ ಹಾಕಬೇಕಂತೆ."

"ನಾಳೆ ನಾನೇ ಬರ್ತೇನೆ ಅಂತ ಹೇಳಿ."

ಮರುದಿನ ಅವಳು ಎರಿಯ ತುಂಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಪುತ್ತೂರಿನ ಬಸ್ಸು ಹತ್ತಿದಳು. ಕರೆಯದಿದ್ದರೂ ಆದಂ ಕುಂಞಿ ಕಚೇರಿಯ ಬಾಗಿಲಲ್ಲಿ ಕಾಯುತ್ತಿದ್ದ. ಮ್ಯಾನೇಜರ್ ಪ್ರೀತಿಕಾ ಎಂಬ ಹೆಣ್ಣುಮಗಳು ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ತಾಳ್ಮೆಯಿಂದಲೇ ಮಾತಾಡಿದಳು.

"ನಮಗೂ ಬೇಸರ ಉಂಟು ತಿಮ್ಮಕ್ಕ. ಆದರೆ ಬ್ಲಾಕ್‌ಚೈನಿನಲ್ಲಿ ಬರೆದದ್ದನ್ನು ಅಳಿಸಲಿಕ್ಕೆ ಆಗುದಿಲ್ಲ. ಅದರ ಗುಣವೇ ಹಾಗೆ."

"ಅಳಿಸಿ ಅಂತ ಯಾರು ಹೇಳಿದ್ದು?" ತಿಮ್ಮಕ್ಕನ ಸ್ವರ ಆಚೆ ಕೋಣೆಗೂ ಕೇಳಿಸಿತು. "ಅಳಿಸಬೇಡಿ. ನಿಮ್ಮ ಯಂತ್ರ ನನ್ನನ್ನು ಕಳ್ಳಿ ಅಂದದ್ದು ಹಾಗೇ ಇರಲಿ. ಹತ್ತು ವರ್ಷ ಕಳೆದ್ರೂ ಜನ ಓದಲಿ. ಅದರ ಕೆಳಗೆ ನನ್ನ ಮಾತು ಬರೆಯಿರಿ. ಹೊಸ ಪುಟ ಹೊಲಿಯಲಿಕ್ಕೆ ಆಗ್ತದೆ ಅಂತ ನಿಮ್ಮವರೇ ಕಲಿಸಿದ್ದು."

"ಬರೆಯುವ ಅಧಿಕಾರ ಕಂಪೆನಿಗೆ ಮಾತ್ರ ಉಂಟು."

"ಹಾಗಾದ್ರೆ ಅದು ನಮ್ಮೆಲ್ಲರ ಪುಸ್ತಕ ಅಲ್ಲ, ನಿಮ್ಮದು. ಬಾಟಲಿಯ ಮೇಲೆ ಹಾಗೇ ಬರೆಯಿರಿ. ನನ್ನ ಹೆಸರು ಇರುದು ಬೇಡ."

ಪ್ರೀತಿಕಾ ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ನಿಂತಿದ್ದ ರೂಪೇಶ್ ಮುಂದೆ ಬಂದ. "ಮೇಡಂ, ಎರಿ ಕೊಯ್ಯುವಾಗ ನಾನು ಅಲ್ಲೇ ಇದ್ದೆ. ನಾನೇ ಸಾಕ್ಷಿ. ನನ್ನ ಹೆಸರೂ ಹಾಕಿ." "ನಾನೂ ಬರೆಸ್ತೇನೆ," ಎಂದ ಆದಂ ಕುಂಞಿ. "ನಿನ್ನೆ ಹಾಕಿದ ಸಹಿ ಹೆದರಿ ಹಾಕಿದ್ದು."

ಪ್ರೀತಿಕಾ ಒಳಗೆ ಹೋಗಿ ಯಾರ ಯಾರೊಂದಿಗೋ ಮಾತಾಡಿದಳು. ಹೊರಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಒಪ್ಪಿದ್ದಾರೆ, ಬರೆಸಿ ಎಂದು ಲ್ಯಾಪ್‌ಟಾಪನ್ನು ತಿಮ್ಮಕ್ಕನ ಎದುರು ತಿರುಗಿಸಿ ಇಟ್ಟಳು. ಬೇರೆಯವರ ಕೈಯಿಂದ ಬರೆಸಲು ತಿಮ್ಮಕ್ಕ ಒಪ್ಪಲಿಲ್ಲ. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು: ಇದು ರಬ್ಬರ್ ಎಲೆಯ ಜೇನು. ಯಂತ್ರಕ್ಕೆ ಇದನ್ನು ಯಾರೂ ಕಲಿಸಿಲ್ಲ. ನಾನು ಏನೂ ಬೆರೆಸಿಲ್ಲ. ಅನುಮಾನ ಇದ್ದವರು ಐವರ್ನಾಡಿಗೆ ಬಂದು ನೋಡಬಹುದು.

ಪ್ರೀತಿಕಾ ಮೆಲ್ಲಗೆ ಕೇಳಿದಳು. ಯಂತ್ರಕ್ಕೆ ಕಲಿಸಲು ರಬ್ಬರ್ ಜೇನಿನ ಮಾದರಿ ಬೇಕಾಗುತ್ತದೆ, ಕೊಡುತ್ತೀರಾ?

"ಕೊಡ್ತೇನೆ. ಆದರೆ ನನ್ನದು ಮಾತ್ರ ಅಲ್ಲ, ಏಳು ಮಂದಿಯದ್ದೂ ತೆಗೆದುಕೊಳ್ಳಬೇಕು. ಯಾರಿಂದ ಕಲಿತದ್ದು ಅಂತ ಅವರ ಹೆಸರು ನಿಮ್ಮ ಪುಸ್ತಕದಲ್ಲಿ ಬರಬೇಕು. ಮೊದಲಿಗೆ ಆ ಆರು ಮಂದಿ ಸಹಿ ಹಾಕಿದ ಕಾಗದ ವಾಪಸ್ ಬರಬೇಕು."

"ಮೇಲಿನವರನ್ನು ಕೇಳಬೇಕು."

"ಕೇಳಿ," ಎಂದು ತಿಮ್ಮಕ್ಕ ಡಬ್ಬಿ ಎತ್ತಿಕೊಂಡಳು.

ಎಂಟು ದಿನ ಪುತ್ತೂರಿನಿಂದ ಸುದ್ದಿ ಇಲ್ಲ. ತಿಮ್ಮಕ್ಕ ಜೇನು ತೆಗೆದಳು, ಸೋಸಿದಳು, ಕೇಳಿದವರಿಗೆ ಕೊಟ್ಟಳು. ಒಂಬತ್ತನೆಯ ದಿನ ರೂಪೇಶ್ ಒಂದು ಪೆಟ್ಟಿಗೆ ಖಾಲಿ ಬಾಟಲಿಗಳನ್ನು ಹೊತ್ತುಕೊಂಡು ಅಂಗಳಕ್ಕೆ ಬಂದ. ಬೆವರಿದ್ದ, ನಗುತ್ತಿದ್ದ. "ಎಲ್ಲದಕ್ಕೂ ಒಪ್ಪಿದರು ತಿಮ್ಮಕ್ಕ!" ಎಂದು ಲಕೋಟೆ ಕೊಟ್ಟ.

ಅವಳು ಅಂಗಳದಲ್ಲೇ ಲಕೋಟೆ ಬಿಚ್ಚಿ ಒಂದೊಂದೇ ಹೆಸರು ಓದಿದಳು. ಐದು ಕಾಗದ ಇತ್ತು.

"ಆದಂ ಕುಂಞಿಯದ್ದು ಎಲ್ಲಿ?"

"ಅದು ಎಲ್ಲಿಯೋ ಸಿಕ್ಕಿಕೊಂಡಿದೆ. ಹುಡುಕ್ತಾ ಇದ್ದಾರೆ. ಇವತ್ತು ಮಾದರಿ ಕೊಟ್ಟರೆ ನಾಳೆ ನಾನೇ..."

"ಕೂತುಕೊಳ್ಳಿ. ಮಜ್ಜಿಗೆ ಕುಡಿಯಿರಿ," ಎಂದಳು ತಿಮ್ಮಕ್ಕ. "ಬಾಟಲಿ ಇಲ್ಲೇ ಇರಲಿ. ಆ ಕಾಗದ ತನ್ನಿ, ಆಮೇಲೆ ತುಂಬಿಸುವ."