ತಮಸಾಳ ಹಿಮ್ಮಡಿ

ಎರಡು ವರ್ಷ ಅರ್ಧ ದೇಶದ ಹೆಂಗಸರು ಊಟದ ಹೊತ್ತಿಗೆ ಶಾಪ ಹಾಕುತ್ತಿದ್ದ ಪಾದಗಳು ನನ್ನವು. ಮುಖ ಬೇರೆಯವಳದು, ಹೆಸರೂ ಬೇರೆಯವಳದು.

ಘೋಡಬಂದರ್ ರಸ್ತೆಯ ಮಾಲ್‌ಗಳ ಹಿಂದೆ ಒಂದು ಸ್ಟುಡಿಯೋ ಇದೆ. ಹೊರಗಿನಿಂದ ತಗಡಿನ ಗೋದಾಮು, ಒಳಗೆ ಅಮೃತಶಿಲೆಯ ಅರಮನೆ. ಅಮೃತಶಿಲೆ ಎಂದರೆ ಪ್ಲೈವುಡ್ಡಿಗೆ ಅಂಟಿಸಿದ ಕಾಗದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಲ್ಲಿ ಒಂದು ಹಿಂದಿ ಸೀರಿಯಲ್ಲಿನ ಚಪ್ಪಲಿಗಳ ಉಸ್ತುವಾರಿ. ಯಾವ ದೃಶ್ಯದಲ್ಲಿ ಯಾರು ಏನು ಮೆಟ್ಟಿದ್ದರು ಎಂದು ಫೋನಿನಲ್ಲಿ ಫೋಟೋ ಇಟ್ಟುಕೊಳ್ಳುವುದು, ಕಿತ್ತುಹೋದದ್ದನ್ನು ಹೊಲಿಸುವುದು, ನಾಯಕಿಯರ ಬೆವರು ಒರೆಸುವುದು. ಚಪ್ಪಲಿಯೊಳಗಿನ ಬೆವರು, ಆಸೆ ಬೇಡ.

ನಮ್ಮ ಸೀರಿಯಲ್ಲಿನಲ್ಲಿ ಗುಣವನ್ನು ಮುಖದಲ್ಲಿ ಹುಡುಕುವ ಕಷ್ಟ ಇಲ್ಲ, ಕಾಲಲ್ಲೇ ಬರೆದಿರುತ್ತದೆ. ಒಳ್ಳೆಯ ಸೊಸೆ ಪಾವನಿ ಮಲಗುವಾಗಲೂ ಅರ್ಧ ಕಿಲೋ ಒಡವೆ ಹಾಕುತ್ತಾಳೆ, ಕಾಲು ಮಾತ್ರ ಬರಿದು. ವಕೀಲೆ ಬಂದರೆ ಎರಡಿಂಚಿನ ಕಪ್ಪು ಹೀಲ್ಸ್. ಓದಿದವಳು, ಇನ್ನೂ ನಂಬಬಹುದು. ಮೂರಿಂಚು ದಾಟಿತೋ, ಗಂಡಂದಿರನ್ನು ಬಚ್ಚಿಡಬೇಕು. ಖಳನಾಯಕಿ ತಮಸಾಳದು ನಾಲ್ಕೂವರೆ. ಮರೂನ್ ಬಣ್ಣ, ಹಾವಿನ ಆಕಾರದ ಬಕಲ್. ಅವಳು ಬರುವಾಗ ಕ್ಯಾಮೆರಾ ನೆಲಕ್ಕೆ ಇಳಿಯುತ್ತದೆ. ಟಕ್. ಟಕ್. ದೇವರ ದೀಪ ಆರುತ್ತದೆ. ಮುಖ ಕಾಣುವುದು ಜಾಹೀರಾತು ಮುಗಿದ ಮೇಲೆ.

ಹೀಲ್ಸ್ ತೋರಿಸಿದರೆ ಸಾಕು, ಇವಳು ಮನೆ ಒಡೆಯುವವಳು ಎಂದು ಜನಕ್ಕೆ ಗೊತ್ತಾಗುತ್ತದೆ, ಅನ್ನುತ್ತಿದ್ದಳು ಚಾನೆಲ್ಲಿನ ಮೇಡಂ. ಹೇಳುವಾಗ ಅವಳ ಕಾಲಲ್ಲೇ ನಾಲ್ಕಿಂಚಿನದು ಇರುತ್ತಿತ್ತು.

ತಮಸಾಳ ಪಾತ್ರದವಳು ಒಮ್ಮೆ ಮೆಟ್ಟಿಲಲ್ಲಿ ಜಾರಿ, ಇನ್ನು ಕಾಲಿನ ಶಾಟಿಗೆ ತಾನು ಬರುವುದಿಲ್ಲ ಎಂದಳು. ಡೈರೆಕ್ಟರ್ ಸುತ್ತ ನೋಡಿದ. ಗಂಡಸಾದರೂ ನನ್ನ ಪಾದ ಸಪೂರ, ಅವನ ಕಣ್ಣು ಅಲ್ಲೇ ನಿಂತಿತು. ಮೇಕಪ್ಪಿನ ದ್ರೌಪದಿಯಕ್ಕ ನನ್ನ ಮೊಣಕಾಲಿನವರೆಗೆ ಬಿಸಿ ಮೇಣ ಬಳಿದು ಪಟ್ಟಿ ಎಳೆದಾಗ ಏಳು ತಲೆಮಾರಿನ ಹಿರಿಯರು ಎದುರು ಬಂದು ನಿಂತರು. ಕಲ್ಯಾಣದ ಮೋಚಿಯೊಬ್ಬ ನನ್ನ ಅಳತೆಗೆ ಅಂಥದ್ದೇ ಇನ್ನೊಂದು ಜೊತೆ ಮಾಡಿಕೊಟ್ಟ. ಹದಿನೈದು ದಿನ ಬಿದ್ದು ಎದ್ದು ನಡೆಯಲು ಕಲಿತೆ. ಹಿಮ್ಮಡಿ ಮೊದಲು ಊರಿದರೆ ಸಿಟ್ಟು. ಬೆರಳು ಮೊದಲು ಊರಿದರೆ ಸಂಚು. ತಿರುಗುವ ಮೊದಲು ಅರೆಕ್ಷಣ ನಿಂತರೆ ಯಾರಿಗೋ ವಿಷ. ಯಾರೂ ಹೇಳಿಕೊಟ್ಟದ್ದಲ್ಲ. ಸಿಟ್ಟು ನನ್ನ ಹತ್ತಿರ ಬೇಕಾದಷ್ಟಿತ್ತು, ಕಾಲಿಗೆ ಇಳಿಸಿದೆ ಅಷ್ಟೆ.

ದಿವಾದಲ್ಲಿ ನಾವಿದ್ದ ಸಾಲುಮನೆಗಳ ಚಾಳಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮೇ ತಿಂಗಳಲ್ಲೂ ಮನೆಯೊಳಗೆ ಫುಲ್ ಪ್ಯಾಂಟ್.

ತಂಗಿ ತೃಷಾ ಸೀವುಡ್ಸ್ ಮಾಲಿನ ವಾಚಿನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಹುಡುಗಿಯರು ಒಂಬತ್ತು ಗಂಟೆ ಹೀಲ್ಸಿನಲ್ಲೇ ನಿಲ್ಲಬೇಕು. ಮೊದಲ ತಿಂಗಳು ಪಾದ ಬಿಸಿನೀರಿನಲ್ಲಿಟ್ಟು ಅತ್ತಳು. ಆಮೇಲೆ ತಾನೇ ಹೋಗಿ ಇನ್ನೊಂದು ಜೊತೆ ತಂದಳು, ಕೆಂಪು, ಮೂರೂವರೆ ಇಂಚು. ಯಾಕೆ ಎಂದರೆ, "ಹುಟ್ಟಿದಾಗಿಂದ ಟ್ರೇನಲ್ಲಿ ಬೇರೆಯವರ ಕಂಕುಳು ನೋಡ್ಕೊಂಡೇ ಬಂದವಳು ನಾನು. ಇದನ್ನ ಹಾಕಿದ ದಿನ ಮೊದಲ ಸಲ ಕಿಟಕಿ ಕಾಣಿಸ್ತು" ಅಂದಳು.

ಅದೇ ಮಾಲಿನಲ್ಲಿ ಕೆಲಸಕ್ಕಿದ್ದ ಸಾತ್ವಿಕ ಅವಳಿಗೆ ಇಷ್ಟವಾಗಿದ್ದ. ಅವನ ಮನೆಯವರು ನಮ್ಮವರೇ, ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಹೋಟೆಲು. ಅವನ ತಾಯಿ ಹರಿಣಾಕ್ಷಿಯಮ್ಮ ಬಂದು ನೋಡಿ 'ಹೂಂ' ಅನ್ನಬೇಕಿತ್ತು. ಆಕೆ ಹೂಂ ಅನ್ನದೆ ಆ ಹೋಟೆಲಿನಲ್ಲಿ ಇಡ್ಲಿಯೂ ಉಬ್ಬುವುದಿಲ್ಲ. ಅಮ್ಮ ಬೇಡ ಎಂದರೆ ನನ್ನಿಂದಾಗದು ಎಂದು ಸಾತ್ವಿಕ ಮೊದಲೇ ಹೇಳಿಬಿಟ್ಟಿದ್ದ. ಮಹಾ ಗಂಡಸು. ಮೇಲಿಂದ ಆಕೆ ನಮ್ಮ ಸೀರಿಯಲ್ಲಿನ ಪರಮಭಕ್ತೆ, ಒಂದು ಕಂತೂ ಬಿಟ್ಟವರಲ್ಲ.

ಭಾನುವಾರ ನಾಲ್ಕಕ್ಕೆ ಅವರು ಬರುವವರಿದ್ದರು. ಮೂರಕ್ಕೆ ನಮ್ಮ ಅಮ್ಮ ಕೆಂಪು ಜೊತೆಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿದಳು. ಮೂರೂಕಾಲಿಗೆ ತೃಷಾ ಅದನ್ನು ತೆಗೆದು ಬಾಗಿಲಾಚೆ, ಎಲ್ಲರ ಚಪ್ಪಲಿಗಳ ನಡುವೆ ಇಟ್ಟಳು.

"ನಿನಗೆ ತಲೆ ಸರಿ ಉಂಟಾ?"

"ದಿನಾ ಹಾಕೋದು ಅದೇ ಅಲ್ವಾ ಅಮ್ಮ? ಮದುವೆ ಆದ್ಮೇಲೆ ನೋಡಿ ಎದೆ ಬಡ್ಕೊಳ್ಳೋದಕ್ಕಿಂತ ಈಗ್ಲೇ ನೋಡ್ಲಿ."

"ಯತಿನ್, ನೀನಾದ್ರೂ ಹೇಳು ಮಾರಾಯ!"

ನಾನೇನು ಹೇಳಲಿ? ನನ್ನ ಬ್ಯಾಗಿನಲ್ಲೇ ತಮಸಾಳ ಮರೂನ್ ಜೊತೆ ಇತ್ತು. ಬಕಲ್ ಸಡಿಲವಾಗಿತ್ತು, ಸೋಮವಾರ ಮೋಚಿಗೆ ತೋರಿಸಿ ಸೆಟ್ಟಿಗೆ ಒಯ್ಯಬೇಕಿತ್ತು.

ಸೀರಿಯಲ್ಲಿನಲ್ಲಿ ದೇವರಕೋಣೆಯವರೆಗೂ ಹೀಲ್ಸ್ ನಡೆಯುತ್ತದೆ. ನಮ್ಮಲ್ಲಿ ಚಪ್ಪಲಿ ಹೊಸ್ತಿಲಾಚೆಯೇ. ಹಾಗಾಗಿ ನೋಡಲು ಬಂದವರು ಹುಡುಗಿಗಿಂತ ಮೊದಲು ಅವಳ ಚಪ್ಪಲಿ ನೋಡುತ್ತಾರೆ. ಹರಿಣಾಕ್ಷಿಯಮ್ಮನೂ ಬಾಗಿಲಲ್ಲೇ ನಿಂತರು, ನಮ್ಮ ಕ್ಯಾಮೆರಾದ ಹಾಗೆ, ಕಣ್ಣು ನೆಲದಲ್ಲಿ.

"ಇದು ಯಾರದ್ದು?"

"ಪಕ್ಕದ ಮನೆಯವರದ್ದು" ಎಂದಳು ಅಮ್ಮ. "ನನ್ನದು" ಎಂದಳು ತೃಷಾ. ಎರಡೂ ಒಟ್ಟಿಗೆ.

ಒಳಗೆ ಕೂತರು. ಸಜ್ಜಿಗೆ ಮುಟ್ಟಲಿಲ್ಲ. "ಮುಕ್ತಕ್ಕ, ಬೇಜಾರ ಮಾಡ್ಬೇಡಿ" ಎಂದು ಅಮ್ಮನಿಗೆ ಹೇಳಿದರು. "ಹುಡುಗಿ ಚಂದ ಉಂಟು. ಆದ್ರೆ ಇಷ್ಟೆತ್ತರದ್ದು ಹಾಕುವವಳು ಮನೆ ಒಡೀತಾಳೆ. ನಾನು ದಿನಾ ನೋಡ್ತೇನಲ್ಲ. ಆ ತಮಸಾ, ಪಾಪ ಪಾವನಿಯ ಪಾಯಸಕ್ಕೆ ವಿಷ ಹಾಕ್ಲಿಲ್ವಾ?"

"ಅದು ಸೀರಿಯಲ್ ಮಾರಾಯ್ತಿ" ಎಂದರು ಅವರ ಗಂಡ ಕಮಲಾಕ್ಷಣ್ಣ.

"ನೀವು ಸುಮ್ನಿರಿ. ನಿಮಗೆ ಸಾಂಬಾರ್ ಬಿಟ್ರೆ ಎಂತ ಗೊತ್ತುಂಟು?"

ತೃಷಾ ಸಾತ್ವಿಕನನ್ನು ನೋಡಿದಳು. ಅವನು ಫ್ಯಾನನ್ನು ನೋಡಿದ. ಅವಳು ಇನ್ನೂ ನೋಡುತ್ತಲೇ ಇದ್ದಳು. ಅವನು ಫ್ಯಾನಿನ ರೆಕ್ಕೆ ಎಣಿಸುತ್ತಲೇ ಇದ್ದ. ಟ್ರೇನಿನಲ್ಲಿ ಯಾರಿಗೂ ಜಗ್ಗದ ನನ್ನ ತಂಗಿ ತಲೆ ತಗ್ಗಿಸಿ ಸಜ್ಜಿಗೆಯ ತಟ್ಟೆಗಳನ್ನು ಎತ್ತತೊಡಗಿದಳು.

ನನಗೆ ತಲೆ ಕೆಟ್ಟಿತು. ಈ ಕಾಯಿದೆ ಬರೆದದ್ದು ಎಸಿಯಲ್ಲಿ ಕೂತ ಮೇಡಂ. ಅದನ್ನು ನಡೆದು ತೋರಿಸಿ ದೇಶ ನಂಬುವ ಹಾಗೆ ಮಾಡಿದವನು ನಾನು. ನನ್ನದೇ ಕಾಲು ನನ್ನ ತಂಗಿಯ ಕುತ್ತಿಗೆಯ ಮೇಲೆ.

ಬ್ಯಾಗಿನಿಂದ ಮರೂನ್ ಜೊತೆಯನ್ನು ಹೊರತೆಗೆದೆ.

"ಅಯ್ಯೋ, ಇದು ಅವಳದ್ದು! ಆ ಹಾವು!" ಹರಿಣಾಕ್ಷಿಯಮ್ಮ ಎದ್ದೇ ನಿಂತರು.

"ಅವಳದ್ದಲ್ಲ, ನನ್ನದು. ಹೊರಗೆ ಬನ್ನಿ."

"ಒಳಗೆ ಹಾಕ್ಬೇಡ!" ಎಂದು ಅಮ್ಮ ಚೀರಿದಳು. ಅಷ್ಟರಲ್ಲೂ ಅದೇ ಚಿಂತೆ.

ಎಲ್ಲ ಮನೆಗಳ ಮುಂದೆ ಹಾಯುವ ಚಾಳಿನ ಗ್ಯಾಲರಿಗೆ ಬಂದು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದೆ. ನುಣ್ಣನೆಯ ಕಾಲು ಕಂಡು ಅಮ್ಮ ಗೋಡೆ ಹಿಡಿದಳು. ಮೆಟ್ಟಿಕೊಂಡೆ. ಟಕ್. ಟಕ್. ಬಟ್ಟೆ ಒಣಹಾಕುತ್ತಿದ್ದವರ ಕೈ ನಿಂತಿತು. ನೀರಿನ ಡ್ರಮ್ಮಿನವರೆಗೆ ಹೋದೆ, ಅರೆಕ್ಷಣ ನಿಂತೆ, ತಿರುಗಿದೆ.

"ಅರೇ, ತಮಸಾ!" ಎಂದಳು ಮೂರನೇ ಮನೆಯ ಮುದುಕಿ.

"ನೋಡಿದ್ರಾ?" ಎಂದೆ ಹರಿಣಾಕ್ಷಿಯಮ್ಮನಿಗೆ. "ಮನೆ ಒಡೆದದ್ದು ಈ ಕಾಲು. ಇದರ ಮೇಲಿರೋದು ಎಂಟನೇ ಫೇಲ್ ಗಂಡಸು. ನನ್ನ ತಂಗಿ ಅದನ್ನ ಹಾಕೋದು ಟ್ರೇನಲ್ಲಿ ಕಿಟಕಿ ಕಾಣ್ಲಿಕ್ಕೆ. ಪಾಯಸಕ್ಕೂ ಹೀಲ್ಸಿಗೂ ಎಂತ ಸಂಬಂಧ?"

ಆಕೆ ನನ್ನ ಕಾಲು ನೋಡಿದರು. ಮುಖ ನೋಡಿದರು. ಮತ್ತೆ ಕಾಲು.

"ಪಾವನಿಯನ್ನು ಮೆಟ್ಟಿಲಿಂದ ನೂಕಿದ್ದೂ ನೀನೇ?"

"ಕಾಲು ನಂದು. ಕೈ ಬೇರೆಯವಳದು."

"ದೇವರ ದೀಪ ಒದ್ದದ್ದು?"

"ಅದು ಪೂರ್ತಿ ನಾನೇ. ಐದು ಟೇಕ್."

ಎರಡು ವರ್ಷ ಹೊತ್ತು ತಿರುಗಿದ ಸಿಟ್ಟನ್ನು ಇಳಿಸಲು ಕೊನೆಗೂ ಜಾಗ ಸಿಕ್ಕಿತೆಂಬಂತೆ ಆಕೆ ಉಸಿರು ಬಿಟ್ಟರು. ಆಮೇಲೆ ತೃಷಾಳ ಕಡೆ ತಿರುಗಿ, "ನೀನು ಆ ಕೆಂಪು ಹಾಕು, ನೋಡುವ" ಎಂದರು.

ತೃಷಾ ಮೆಟ್ಟಿಕೊಂಡು ನಡೆದಳು. ಟ್ರೇನ್ ತಪ್ಪುತ್ತದೆ ಎನ್ನುವವಳ ಹಾಗೆ ಪಟಪಟನೆ ಆ ತುದಿಗೆ ಹೋಗಿ ಬಂದಳು. ನಿಲ್ಲಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ.

"ಇವಳ ನಡಿಗೆಯೇ ಬೇರೆ" ಎಂದರು ಹರಿಣಾಕ್ಷಿಯಮ್ಮ, ದೊಡ್ಡ ಪಂಡಿತರ ಹಾಗೆ. "ಇವಳಿಗೆ ಸಂಚು ಮಾಡ್ಲಿಕ್ಕೆ ಪುರುಸೊತ್ತೇ ಇಲ್ಲ. ಹೂಂ."

ಆಗ ಸಾತ್ವಿಕ ನಕ್ಕ. ತೃಷಾ ಅವನನ್ನು ನೋಡಿದ ನೋಟಕ್ಕೆ ಆ ನಗು ಅರ್ಧಕ್ಕೇ ನಿಂತಿತು. ಫ್ಯಾನ್ ನೋಡಿದ್ದಕ್ಕೆ ಅವನು ಬಹಳ ವರ್ಷ ಅನುಭವಿಸಲಿದ್ದಾನೆ, ನನಗೆ ಬೇಸರವಿಲ್ಲ.

"ಆದ್ರೆ ಒಂದು ಮಾತು" ಎಂದು ಆಕೆ ನನ್ನ ಕಡೆ ಬೆರಳು ತೋರಿಸಿದರು. "ಇವನು ನಮ್ಮ ಅಡುಗೆಮನೆಗೆ ಕಾಲಿಡಬಾರ್ದು."

ತಮಾಷೆ ಎಂದುಕೊಂಡಿದ್ದೆ. ಡೊಂಬಿವಲಿಯ ಛತ್ರದಲ್ಲಿ ಮದುವೆಯಾಯಿತು. ತೃಷಾ ಕೆಂಪು ಜೊತೆ ಮೆಟ್ಟಿಕೊಂಡು ಗಂಡನಿಗಿಂತ ಒಂದಿಂಚು ಎತ್ತರ ನಿಂತು ಫೋಟೋ ತೆಗೆಸಿಕೊಂಡಳು. ಹುಡುಗಿಯ ಅಣ್ಣ ಎಂದು ಬಡಿಸಲು ಹೋಗಿ ನಾನು ಪಾಯಸದ ಬಕೆಟ್ಟಿಗೆ ಕೈ ಹಾಕಿದೆ.

"ಏಯ್, ಬಿಡು ಅದನ್ನು!"

ಛತ್ರದ ಆ ಕೊನೆಯಿಂದ ಹರಿಣಾಕ್ಷಿಯಮ್ಮ ಸೀರೆ ಎತ್ತಿ ಹಿಡಿದು ಓಡಿಬಂದರು. ಇಡೀ ಪಂಕ್ತಿ ತಲೆ ಎತ್ತಿತು. ಕಾಲಲ್ಲಿ ಏನೂ ಇಲ್ಲದೆ ನಿಂತಿದ್ದ ನನ್ನ ಕೈಗೆ ಉಪ್ಪಿನ ಬಟ್ಟಲು ಕೊಟ್ಟರು. ಅದನ್ನೂ ನಾನು ಎಲೆಗೆ ಬಡಿಸುವ ಮೊದಲು ಒಂದು ಹರಳು ಬಾಯಿಗೆ ಹಾಕಿ ನೋಡಿದರು ಕಮಲಾಕ್ಷಣ್ಣ.